ಇಪ್ಪತ್ತು ಚೀಲ ಮೆಣಸಿನಕಾಯಿ, ಒಂದು ಸೆಮಿಸ್ಟರು

ಇಲ್ಲಿ ಏನನ್ನೂ ಬರೆಯದೆ ನಾಲ್ಕು ತಿಂಗಳ ಮೇಲಾಯಿತು. ಆಫೀಸಿನಲ್ಲಿ ರಿಲೀಸ್ ಇತ್ತು, ತಲೆ ಕೆರೆದುಕೊಳ್ಳಲೂ ಪುರುಸೊತ್ತಿರಲಿಲ್ಲ ಅಂತೆಲ್ಲಾ ಹೇಳಬಹುದು. ನಿಜ ಹೇಳಬೇಕೆಂದರೆ ಸೋಮಾರಿತನ, ಅಷ್ಟೇ :)

ಹೋದ ವಾರ ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗ ಊಟದ ಹೊತ್ತಿಗೆ ಪಕ್ಕದಲ್ಲಿ ಬಂದು ಕೂತ. "ನೀವು ಕಾಲೇಜಲ್ಲಿದ್ದಾಗ ಜಪಾನಿಗೆ ಹೋಗಿದ್ರಂತೆ? ನನ್ನ ತಂಗಿಗೂ ಒಂದು ಸೆಮಿಸ್ಟರ್ ಅಲ್ಲಿ ಓದೋ ಚಾನ್ಸ್ ಸಿಕ್ಕಿದೆ. ಮನೇಲಿ ಯೋಚನೆ ಮಾಡ್ತಿದಾರೆ. ನಿಮಗೆ ಅದರಿಂದ ಏನು ಉಪಯೋಗ ಆಯ್ತು?" ಅಂದ. "ಒಳ್ಳೇ ಎಕ್ಸ್‌ಪೋಷರ್ ಸಿಗುತ್ತೆ, ಕಳಿಸಿ" ಅಂದುಬಿಟ್ಟೆ. ರಾತ್ರಿ ಮಲಗಿದ ಮೇಲೆ ನನಗೇ ನಾಚಿಕೆಯಾಯಿತು. ಎಕ್ಸ್‌ಪೋಷರ್ ಅಂತೆ! ಸರಿಯಾದ ಉತ್ತರ ಸ್ವಲ್ಪ ಉದ್ದ ಇದೆ. ಒಂದು ಕಪ್ ಚಹಾ ಇಟ್ಟುಕೊಂಡು ಓದಿ.

ನಮ್ಮೂರು ಬ್ಯಾಡಗಿ. ಹೆಸರು ಹೇಳಿದ ಕೂಡಲೇ ಎದುರಿಗಿದ್ದವರು "ಓ, ಮೆಣಸಿನಕಾಯಿ!" ಅನ್ನುತ್ತಾರೆ. ಹೌದು, ಅದೇ. ಹಾವೇರಿ ಜಿಲ್ಲೆ ಧಾರವಾಡದಿಂದ ಬೇರೆಯಾದದ್ದು 1997ರಲ್ಲಿ. ನಾನು ಹುಟ್ಟಿದ್ದೂ ಅದೇ ವರ್ಷ, ಹಾವೇರಿಯಲ್ಲೇ. "ನೀನೂ ಜಿಲ್ಲಾನೂ ಒಂದ ವಾರಿಗಿ. ಇಬ್ಬರೂ ಉದ್ಧಾರ ಆಗೂದು ಯಾವಾಗಂತ ನೋಡಾಕತ್ತೇನಿ" ಅಂತ ಅಪ್ಪ ಚೇಷ್ಟೆ ಮಾಡುತ್ತಿದ್ದ. ಪಿಯುಸಿಗೆ ದಿನಾ ರಾಣೆಬೆನ್ನೂರಿಗೆ ಹೋಗಿಬಂದು, ಆಮೇಲೆ ಇಂಜಿನಿಯರಿಂಗಿಗೆ ಬೆಂಗಳೂರು ಸೇರಿದೆ.

ಅಪ್ಪ ಬ್ಯಾಡಗಿ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತ. ಸೋಮವಾರ ಮತ್ತು ಗುರುವಾರ ಅಲ್ಲಿ ಮಾರಾಟದ ದಿನ. ಸೀಸನ್ನಿನಲ್ಲಿ, ಅಂದರೆ ಸಂಕ್ರಾಂತಿಯ ಆಚೀಚೆಯಿಂದ ಯುಗಾದಿಯವರೆಗೆ, ಆ ಎರಡು ದಿನ ಊರಿಗೆ ಊರೇ ಕೆಂಪಗಿರುತ್ತದೆ. ಹೊಸಬರು ಬಸ್ಸಿನಿಂದ ಇಳಿದ ಕೂಡಲೇ ಸೀನುತ್ತಾರೆ. ನಮಗೆ ಅದು ಗೊತ್ತೇ ಆಗುವುದಿಲ್ಲ. ರೈತರ ಮಾಲು ಇಳಿಸಿಕೊಳ್ಳುವುದು, ಲಾಟ್ ನಂಬರ್ ಚೀಟಿ ಹಚ್ಚುವುದು, ಟೆಂಡರ್ ಮುಗಿದ ಮೇಲೆ ತೂಕ ಬರೆದುಕೊಳ್ಳುವುದು, ಕೊನೆಗೆ ರೈತನ ಕೈಗೆ ಪಟ್ಟಿ ಬರೆದು ಕೊಡುವುದು, ಇದು ಅಪ್ಪನ ಕೆಲಸ. ಅವ್ವ ಅದೇ ಮಾರುಕಟ್ಟೆಯ ಇನ್ನೊಂದು ತುದಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಕಿಲೋ ಲೆಕ್ಕದ ಕೂಲಿ. ಬ್ಯಾಡಗಿ ಕಾಯಿ ಖಾರ ಕಡಿಮೆ ಅನ್ನುತ್ತಾರೆ, ನಿಜ. ಆದರೆ ಮುಂಜಾನೆಯಿಂದ ಸಂಜೆತನಕ ಅದರಲ್ಲೇ ಕೈ ಇಟ್ಟುಕೊಂಡು ಕೂತವರಿಗೆ ಆ ಮಾತು ಹೇಳಿ ನೋಡಿ! ಸಂಜೆ ಅವ್ವ ನನ್ನ ಮುಖ ಮುಟ್ಟುತ್ತಿರಲಿಲ್ಲ. ಮೊದಲು ಕೈಗೆ ಕೊಬ್ಬರಿ ಎಣ್ಣೆ, ಆಮೇಲೆ ಮಗ.

2018ರಲ್ಲಿ ಆರನೇ ಸೆಮಿಸ್ಟರ್ ನಡೆದಿದ್ದಾಗ ನಮ್ಮ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ ಬಿತ್ತು. ಜಪಾನಿನ ಸೆಂಡೈ ನಗರದ ತೊಹೊಕು ವಿಶ್ವವಿದ್ಯಾಲಯದಲ್ಲಿ ಒಂದು ಸೆಮಿಸ್ಟರ್, ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ. ಪಾಠ ಇಂಗ್ಲಿಷಿನಲ್ಲಿ. ಜೊತೆಗೆ ಒಂದು ಲ್ಯಾಬಿನಲ್ಲಿ ಕೂತು ಸಣ್ಣ ಸಂಶೋಧನೆ ಮಾಡಬೇಕು. ಆಯ್ಕೆಯಾದವರಿಗೆ ಜಪಾನ್ ಸರ್ಕಾರದ ಕಡೆಯ ವಿದ್ಯಾರ್ಥಿವೇತನ ತಿಂಗಳಿಗೆ 80,000 ಯೆನ್, ಆಗಿನ ಲೆಕ್ಕದಲ್ಲಿ ಸುಮಾರು 50 ಸಾವಿರ ರೂಪಾಯಿ. ನಮ್ಮ ಮೇಷ್ಟ್ರೊಬ್ಬರು "ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನ್ ನೋಡಿ ಬಂದಿದ್ರು ಕಣಯ್ಯಾ, ನೀನು ಈಗಾದ್ರೂ ಹೋಗು" ಅಂತ ಹುರಿದುಂಬಿಸಿದರು. ಹಾಕಿದೆ. ಸಿಕ್ಕಿಬಿಟ್ಟಿತು!

ಖುಷಿ ಎರಡು ದಿನ. ಮೂರನೇ ದಿನ ಲೆಕ್ಕ ಹಾಕಲು ಕೂತೆ. ವಿದ್ಯಾರ್ಥಿವೇತನ ಅಲ್ಲಿಗೆ ಹೋಗಿ ಬ್ಯಾಂಕ್ ಖಾತೆ ತೆರೆದ ಮೇಲೇ ಬರುವುದು. ಅದಕ್ಕೂ ಮುಂಚೆ ವಿಮಾನದ ಟಿಕೆಟ್ಟು, ಹಾಸ್ಟೆಲ್ಲಿಗೆ ಮುಂಗಡ, ವಿಮೆ, ಚಳಿಗೆ ಜಾಕೆಟ್ಟು, ಮೊದಲ ಎರಡು ತಿಂಗಳ ಖರ್ಚು. ಒಟ್ಟು ಲಕ್ಷದ ಹತ್ತಿರ ಹೋಯಿತು. ಪಾಸ್‌ಪೋರ್ಟಿಗೆ ಅಂತ ಹುಬ್ಬಳ್ಳಿಗೆ ಹೋಗಿ ಊರಿಗೆ ಬಂದವನು ಅಪ್ಪನ ಮುಂದೆ ಲೆಕ್ಕದ ಹಾಳೆ ಇಟ್ಟು ಸುಮ್ಮನೆ ಕೂತೆ. ಅಪ್ಪ ಕನ್ನಡಕ ಹಾಕಿಕೊಂಡು, ಪಟ್ಟಿ ತಾಳೆ ನೋಡುವ ಹಾಗೆ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದ.

"ಹೋಗಿ ಬಾ. ರೊಕ್ಕದ ಚಿಂತಿ ನಿನಗ್ಯಾಕ?" ಅಂದ. ಅಷ್ಟೇ.

ದುಡ್ಡು ಬಂತು. ಎಲ್ಲಿಂದ ಬಂತು ಅಂತ ನಾನು ಕೇಳಲಿಲ್ಲ. ಕೇಳಬೇಕು ಅಂತ ಅನ್ನಿಸಲೂ ಇಲ್ಲ. ಇಪ್ಪತ್ತೊಂದು ವರ್ಷದ ಹುಡುಗರಿಗೆ ಅಪ್ಪನ ದುಡ್ಡು ನಲ್ಲಿಯ ನೀರಿದ್ದ ಹಾಗೆ, ತಿರುಗಿಸಿದರೆ ಬರುತ್ತದೆ.

ಸೆಂಡೈ ಟೋಕಿಯೋದ ಉತ್ತರಕ್ಕಿದೆ. ವಿಶ್ವವಿದ್ಯಾಲಯ 1907ರದು. 1913ರಲ್ಲಿ ಜಪಾನಿನಲ್ಲೇ ಮೊದಲ ಬಾರಿಗೆ ಹೆಣ್ಣುಮಕ್ಕಳನ್ನು ಸೇರಿಸಿಕೊಂಡ ವಿಶ್ವವಿದ್ಯಾಲಯ ಅಂತ ಅವರಿಗೆ ಈಗಲೂ ಹೆಮ್ಮೆ. ಇಂಜಿನಿಯರಿಂಗ್ ವಿಭಾಗ ಇರುವುದು ಗುಡ್ಡದ ಮೇಲೆ, ಅಒಬಯಾಮ ಅಂತ. ಗುಡ್ಡಕ್ಕೇ ಸುರಂಗ ರೈಲು. ನಾನು ಬ್ಯಾಡಗಿ ಸ್ಟೇಷನ್ನಿನ ಕಲ್ಲು ಬೆಂಚಿನ ಮೇಲೆ ಕೂತು ಪ್ಯಾಸೆಂಜರ್ ಕಾದವನು, ಇಲ್ಲಿ ನಿಮಿಷ ತಪ್ಪದೆ ಬರುವ ರೈಲು ನೋಡಿ ಮೊದಲ ವಾರ ಬಾಯಿ ತೆರೆದದ್ದು ಮುಚ್ಚಿರಲಿಲ್ಲ.

ಹಾಸ್ಟೆಲ್ಲಿನಲ್ಲಿ ಎಂಟು ಹುಡುಗರಿಗೆ ಎಂಟು ಕೋಣೆ, ನಡುವೆ ಒಂದೇ ಅಡುಗೆಮನೆ. ನಾನು ಸಸ್ಯಾಹಾರಿ. ಕ್ಯಾಂಟೀನಿನಲ್ಲಿ ತರಕಾರಿ ಸಾರು ಅಂತ ಕಂಡಿದ್ದಕ್ಕೂ ಒಣಮೀನಿನ ನೀರು ಹಾಕಿರುತ್ತಾರೆ. ಅದನ್ನು ದಾಶಿ ಅನ್ನುತ್ತಾರೆ. ನಮಗೆ ಒಗ್ಗರಣೆ ಹೇಗೋ ಅವರಿಗೆ ಅದು ಹಾಗೆ, ಬಿಟ್ಟು ಅಡುಗೆಯೇ ಇಲ್ಲ. ಐದನೇ ದಿನಕ್ಕೆ ಸೋತು, ಅವ್ವ ಕಟ್ಟಿಕೊಟ್ಟಿದ್ದ ಸೀಲ್ ಪ್ಯಾಕೆಟ್ ಒಡೆದು, ಎಣ್ಣೆ ಕಾಯಿಸಿ ಆರು ಬ್ಯಾಡಗಿ ಕಾಯಿ ಮುರಿದು ಹಾಕಿದೆ. ಕಿಟಕಿ ಮುಚ್ಚಿತ್ತು. ಫ್ಯಾನ್ ಹಾಕಲು ಮರೆತಿದ್ದೆ. ಎರಡು ನಿಮಿಷದಲ್ಲಿ ಏಳು ಕೋಣೆಗಳಿಂದ ಏಳು ಹುಡುಗರು ಕೆಮ್ಮುತ್ತಾ ಹೊರಗೆ ಬಂದರು. ಒಬ್ಬ ಚೀನಾದವನು, ಇಬ್ಬರು ಯುರೋಪಿನವರು, ಉಳಿದವರು ಜಪಾನಿನವರು. ನಾನು ತಲೆ ಬಗ್ಗಿಸಿ ಕ್ಷಮೆ ಕೇಳಿದರೆ, ಕಣ್ಣಲ್ಲಿ ನೀರು ಸುರಿಸುತ್ತಿದ್ದ ಜಪಾನಿ ಹುಡುಗನೂ ತಲೆ ಬಗ್ಗಿಸಿ ನನ್ನ ಕ್ಷಮೆಯನ್ನೇ ಕೇಳಿದ! ಯಾಕೆ ಅಂತ ಇವತ್ತಿಗೂ ತಿಳಿದಿಲ್ಲ. ನನಗೊಬ್ಬನಿಗೇ ಕೆಮ್ಮು ಬರಲಿಲ್ಲ. ಅದನ್ನು ನೋಡಿ "ನಿನ್ನದು ಯಾವ ಊರು?" ಅಂತ ಎಲ್ಲರೂ ಕೇಳಿದರು. ಬ್ಯಾಡಗಿಯ ಹೆಸರು ಸೆಂಡೈನಲ್ಲಿ ಮೊದಲು ಪ್ರಚಾರವಾದದ್ದು ಹೀಗೆ :)

ಲ್ಯಾಬು ಇಮೇಜ್ ಪ್ರೊಸೆಸಿಂಗಿನದು. ಅಲ್ಲಿನ ಪ್ರೊಫೆಸರ್ ಅನ್ನು ಎಲ್ಲರೂ ಸೆನ್ಸೇ ಅನ್ನುತ್ತಿದ್ದರು, ನಮ್ಮಲ್ಲಿ ಮೇಷ್ಟ್ರು ಅಂದ ಹಾಗೆ. ಐವತ್ತೈದು ದಾಟಿದ, ಮಾತು ಕಡಿಮೆಯ ಮನುಷ್ಯ. ಮೊದಲ ದಿನ "ಐದು ತಿಂಗಳಲ್ಲಿ ಮುಗಿಯುವಂಥ ಒಂದು ಪ್ರಶ್ನೆ ಹುಡುಕಿಕೊಂಡು ಬಾ. ನಿನಗೆ ಗೊತ್ತಿರುವ ವಸ್ತುವಿನ ಬಗ್ಗೆ ಇರಲಿ" ಅಂದರು. ನನಗೆ ಗೊತ್ತಿರುವ ವಸ್ತು ಯಾವುದು? ಅಡುಗೆಮನೆಯ ಪ್ಯಾಕೆಟ್ಟಿನಲ್ಲಿ ಕೂತಿತ್ತು.

ಬ್ಯಾಡಗಿ ಕಾಯಿಯ ಬೆಲೆ ಇರುವುದು ಖಾರದಲ್ಲಲ್ಲ, ಬಣ್ಣದಲ್ಲಿ. ಡಬ್ಬಿ ಕಾಯಿ ಗಿಡ್ಡ, ದುಂಡಗೆ, ಬೀಜ ಜಾಸ್ತಿ. ಕಡ್ಡಿ ಕಾಯಿ ಉದ್ದ, ತೆಳ್ಳಗೆ, ಬೀಜ ಕಡಿಮೆ. ಎರಡರದ್ದೂ ಮೈ ಸುಕ್ಕು ಸುಕ್ಕು, ಬಣ್ಣ ಗಾಢ ಕೆಂಪು. ಆ ಕೆಂಪನ್ನು ಎಣ್ಣೆಯ ರೂಪದಲ್ಲಿ ಹಿಂಡಿ ತೆಗೆದು ತಿಂಡಿಗಳಿಗೆ, ಲಿಪ್‌ಸ್ಟಿಕ್ಕಿಗೆ, ಉಗುರಿನ ಬಣ್ಣಕ್ಕೆ ಬಳಸುತ್ತಾರೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತು, ಅದೇ ಜಿಐ ಟ್ಯಾಗ್, ಸಿಕ್ಕಿತು. ಬಣ್ಣವನ್ನು ಪ್ರಯೋಗಾಲಯದಲ್ಲಿ ಅಳೆಯುವ ಕ್ರಮವೂ ಇದೆ. ಪುಡಿ ಮಾಡಿ, ಅಸಿಟೋನಿನಲ್ಲಿ ನೆನೆಸಿ, ಬಣ್ಣ ಬಿಟ್ಟ ದ್ರವ 460 ನ್ಯಾನೋಮೀಟರಿನ ಬೆಳಕನ್ನು ಎಷ್ಟು ಹೀರುತ್ತದೆ ಅಂತ ನೋಡುತ್ತಾರೆ. ಆದರೆ ಮಾರುಕಟ್ಟೆಯಲ್ಲಿ ಚೀಲ ಬಿಚ್ಚಿದಾಗ ಅಸಿಟೋನು ಯಾರ ಜೇಬಿನಲ್ಲೂ ಇರುವುದಿಲ್ಲ. ಖರೀದಿದಾರ ಒಂದು ಹಿಡಿ ತೆಗೆದು ನೋಡುತ್ತಾನೆ, ದರ ಹಾಕುತ್ತಾನೆ. ಆ ನೋಟದ ಜಾಗದಲ್ಲಿ ಒಂದು ಫೋನಿನ ಕ್ಯಾಮೆರಾ ಇಟ್ಟರೆ? ರೈತನೇ ತನ್ನ ಕಾಯಿಯ ದರ್ಜೆ ತಿಳಿದುಕೊಂಡರೆ?

ನೆನೆಸಿಕೊಂಡೇ ನನಗೆ ರೋಮಾಂಚನವಾಯಿತು. ಸೆನ್ಸೇಗೂ ಹಿಡಿಸಿತು. ಬಣ್ಣ ಸರಿಮಾಡಿಕೊಳ್ಳಲು ಇಪ್ಪತ್ನಾಲ್ಕು ಚೌಕಗಳಿರುವ ಒಂದು ರಟ್ಟು ಕೊಟ್ಟರು. ಅದನ್ನು ಕಾಯಿಯ ಪಕ್ಕ ಇಟ್ಟು ಫೋಟೋ ತೆಗೆದರೆ ಟ್ಯೂಬ್‌ಲೈಟು, ಬಿಸಿಲು, ಮೋಡ ಎಲ್ಲದರ ವ್ಯತ್ಯಾಸ ಕಳೆದು ನಿಜವಾದ ಬಣ್ಣ ಲೆಕ್ಕ ಹಾಕಬಹುದು. ಅಕ್ಟೋಬರ್, ನವೆಂಬರ್ ಎರಡೂ ತಿಂಗಳು ಮೆಣಸಿನಕಾಯಿಗಳನ್ನು ಒಂದೊಂದಾಗಿ ಮಲಗಿಸಿ ಫೋಟೋ ತೆಗೆದೆ. ಊರಲ್ಲಿ ಚೀಲಗಟ್ಟಲೆ ಸುರಿಯುವ ಕಾಯಿಗೆ ಇಲ್ಲಿ ಒಂದೊಂದಕ್ಕೂ ಒಂದು ನಂಬರು! ಪಕ್ಕದ ಲ್ಯಾಬಿನ ಹುಡುಗಿ ಅಸಿಟೋನಿನ ಅಳತೆಗೆ ಸಹಾಯ ಮಾಡಿದಳು. ಡಿಸೆಂಬರಿನ ಹೊತ್ತಿಗೆ ಕ್ಯಾಮೆರಾದ ಲೆಕ್ಕಕ್ಕೂ ಅಸಿಟೋನಿನ ಲೆಕ್ಕಕ್ಕೂ ತಕ್ಕಮಟ್ಟಿಗೆ ತಾಳೆ ಬಂತು. ಊರ ನಡುವಿನ ಜೊಜೆಂಜಿ ರಸ್ತೆಯ ಝೆಲ್ಕೋವಾ ಮರಗಳಿಗೆಲ್ಲ ಡಿಸೆಂಬರಿನಲ್ಲಿ ದೀಪ ಹಾಕುತ್ತಾರೆ. ಆ ರಾತ್ರಿ ಅದರ ಕೆಳಗೆ ನಡೆಯುತ್ತಾ, ನಾನು ಬ್ಯಾಡಗಿ ಮಾರುಕಟ್ಟೆಯನ್ನೇ ಬದಲಾಯಿಸಿಬಿಡುತ್ತೇನೆ ಅಂದುಕೊಂಡು ಅಪ್ಪನಿಗೆ ಫೋನ್ ಮಾಡಿದೆ.

ಅಪ್ಪ ಎಲ್ಲಾ ಕೇಳಿಸಿಕೊಂಡ. "ಫೋಟೋದಾಗ ಏನ್ ತಿಳೀತೈತೋ ತಮ್ಮಾ? ಕಾಯಿ ಕೈಯಾಗ ಹಿಡೀಬೇಕು. ಹಿಚುಕಿದ್ರ ಸಪ್ಪಳ ಕೇಳಬೇಕು. ಬೊಟ್ಟಿಗೆ ಬಣ್ಣ ಹತ್ತಬೇಕು. ವಾಸನಿ ನೋಡಬೇಕು."

"ಅದೆಲ್ಲಾ ಬೇಕಾಗಿಲ್ಲ ಯಪ್ಪಾ, ಲೆಕ್ಕ ಕೂಡೈತಿ" ಅಂದೆ.

"ಹಂಗಾರ ಒಂದು ಕೇಳ್ತೇನಿ. ನೀರು ಹೊಡದ ಕಾಯಿ ಯಾವಾಗಲೂ ಕೆಂಪಗ ಕಾಣತಾವು. ತೂಕಾನೂ ಬರತೈತಿ, ಮಿಂಚೂ ಬರತೈತಿ. ಅದನ್ನ ಹಿಡೀತೈತೇನು ನಿನ್ನ ಮಷೀನು?"

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಮರುದಿನ ಹತ್ತು ಕಾಯಿ ತೆಗೆದುಕೊಂಡು ಇಸ್ತ್ರಿಗೆ ಬಳಸುವ ಸ್ಪ್ರೇಯಿಂದ ಸ್ವಲ್ಪ ನೀರು ಹೊಡೆದು ಅರ್ಧ ಗಂಟೆ ಬಿಟ್ಟು ಫೋಟೋ ತೆಗೆದೆ. ನನ್ನ ಪ್ರೋಗ್ರಾಮು ಹತ್ತರಲ್ಲಿ ಎಂಟಕ್ಕೆ ಮೊದಲಿಗಿಂತ ಮೇಲಿನ ದರ್ಜೆ ಕೊಟ್ಟಿತು! ಎರಡು ತಿಂಗಳ ಕೆಲಸ ಹತ್ತು ಹನಿ ನೀರಿಗೆ ಕೊಚ್ಚಿಹೋಯಿತು.

ಸೆನ್ಸೇ ಮುಂದೆ ಒಪ್ಪಿಕೊಂಡೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಮುಂದೆ ಬಗ್ಗಿ "ಇದನ್ನು ನಿನಗೆ ಯಾರು ಹೇಳಿದರು?" ಅಂದರು. "ನಮ್ಮ ಅಪ್ಪ. ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಕೆಲಸ ಮಾಡ್ತಾರೆ" ಅಂದೆ. "ಹಾಗಾದರೆ ನಿನಗೆ ಇಬ್ಬರು ಗೈಡು. ಮುಂದಿನ ವಾರದಿಂದ ಅವರನ್ನು ಕೇಳಿಕೊಂಡು ಬಾ" ಅಂದರು. ತಮಾಷೆಗೆ ಅಲ್ಲ. ಪ್ರತಿ ವಾರದ ಮೀಟಿಂಗಿನಲ್ಲಿ "ಅಪ್ಪ ಏನಂದರು?" ಅಂತ ಕೇಳಿಯೇ ಮುಂದಕ್ಕೆ ಹೋಗುತ್ತಿದ್ದರು. ನಾನು ಬರೆದುಕೊಟ್ಟ ಹಾಳೆಗಳು ಕೆಂಪು ಶಾಯಿಯಿಂದ ತುಂಬಿ ವಾಪಸ್ ಬರುತ್ತಿದ್ದವು. ಆ ಊರಿಗೆ ಇದು ಹೊಸದೇನಲ್ಲ. ಚೀನಾದ ದೊಡ್ಡ ಲೇಖಕ ಲು ಶುನ್ 1904ರಿಂದ 1906ರವರೆಗೆ ಸೆಂಡೈನಲ್ಲೇ ವೈದ್ಯಕೀಯ ಓದಿದ್ದು. ಫುಜಿನೊ ಅನ್ನುವ ಮೇಷ್ಟ್ರು ಆತನ ನೋಟ್ಸನ್ನು ಕೆಂಪು ಶಾಯಿಯಲ್ಲಿ ತಿದ್ದಿಕೊಡುತ್ತಿದ್ದರಂತೆ. ಲು ಶುನ್ ಡಾಕ್ಟರಾಗಲಿಲ್ಲ, ಆದರೆ ಇಪ್ಪತ್ತು ವರ್ಷದ ಮೇಲೆ ಆ ಮೇಷ್ಟ್ರ ಬಗ್ಗೆ ಬರೆದ.

ಅಪ್ಪ ವಾರಕ್ಕೊಂದು ಪಾಠ ಮಾಡಿದ. ಕೋಲ್ಡ್ ಸ್ಟೋರೇಜಿನಿಂದ ಬಂದ ಕಾಯಿ ಮೊದಲ ದಿನ ಮೆತ್ತಗೆ ಇರುತ್ತದೆ, ಅದನ್ನು ನೀರು ಹೊಡೆದದ್ದು ಅನ್ನಬಾರದು. ಚೀಲದ ಬಾಯಲ್ಲಿ ಒಂದು ದರ್ಜೆ, ತಳದಲ್ಲಿ ಇನ್ನೊಂದು ಇರಬಹುದು. ಬಣ್ಣ ಹೋದ ಕಾಯಿ ಎಷ್ಟು ಬೆರೆತಿದೆ ಅಂತ ಹಿಡಿ ಬಿಚ್ಚಿ ನೋಡಬೇಕು. ನನ್ನ ಅಪ್ಪನಿಗೆ ಇಷ್ಟು ಗೊತ್ತು ಅಂತ ನನಗೆ ಗೊತ್ತಾದದ್ದು ಅವನಿಂದ ಸಾವಿರಾರು ಮೈಲಿ ದೂರ ಹೋದ ಮೇಲೆ. ಅಲ್ಲೀತನಕ ಅವನು ಚೀಟಿ ಹಚ್ಚುವ ಗುಮಾಸ್ತ ಅಂದುಕೊಂಡಿದ್ದೆ.

ಇನ್ನೊಂದು ಸಂಗತಿ. ಜಪಾನಿ ಕ್ಲಾಸಿನಲ್ಲಿ ಕತಕನ ಲಿಪಿ ಕಲಿಸಿದ್ದರು. ಪರದೇಶದ ಹೆಸರುಗಳನ್ನು ಅದರಲ್ಲಿ ಬರೆಯುತ್ತಾರೆ. ಕಲಿತ ಹೊಸದರಲ್ಲಿ ಕಂಡಿದ್ದನ್ನೆಲ್ಲಾ ಓದುವ ಚಟ. ಫೆಬ್ರುವರಿಯಲ್ಲಿ ನೂರು ಯೆನ್ ಅಂಗಡಿಗೆ ಹೋದಾಗ ತರಕಾರಿ ಬೀಜದ ಪೊಟ್ಟಣಗಳನ್ನು ಸಾಲಾಗಿ ತೂಗುಹಾಕಿದ್ದರು. ಅಲ್ಲಿ ಬೀಜ ಬೆಳೆದ ದೇಶದ ಹೆಸರನ್ನು ಪೊಟ್ಟಣದ ಮೇಲೆ ಅಚ್ಚು ಹಾಕುತ್ತಾರೆ. ಬೆಂಡೆಕಾಯಿಯ ಪೊಟ್ಟಣ ತಿರುಗಿಸಿ ಅಕ್ಷರ ಕೂಡಿಸಿ ಓದಿದೆ. ಇ-ನ್-ದೊ. ಇಂಡಿಯಾ!

ನಮ್ಮ ಚಿಕ್ಕವ್ವನ ಊರು ರಾಣೆಬೆನ್ನೂರಿನ ಹತ್ತಿರ. ರಾಣೆಬೆನ್ನೂರು ಅಂದರೆ ಹೊರಗಿನವರಿಗೆ ಕೃಷ್ಣಮೃಗ, ನಮಗೆ ಬೀಜ. ಸುತ್ತಲಿನ ಹಳ್ಳಿಗಳಲ್ಲಿ ಕಂಪನಿಗಳಿಗೆ ಹೈಬ್ರಿಡ್ ಬೀಜ ಮಾಡಿಕೊಡುತ್ತಾರೆ. ಚಿಕ್ಕವ್ವ ಹೋಗುವುದು ಅದರ ಕ್ರಾಸಿಂಗ್ ಕೆಲಸಕ್ಕೆ. ಅರಳುವ ಮೊದಲೇ ಮೊಗ್ಗು ಬಿಡಿಸಿ ಚಿಮಟಿಗೆಯಿಂದ ಗಂಡು ಭಾಗ ಕೀಳಬೇಕು, ಮರುದಿನ ಮುಂಜಾನೆ ಬೇರೆ ಗಿಡದ ಪರಾಗ ತಂದು ಮುಟ್ಟಿಸಬೇಕು. ಒಂದೊಂದು ಹೂವಿಗೂ ಹೀಗೆ. ಪಿಯುಸಿಯಲ್ಲಿದ್ದಾಗ ಅವಳ ಮನೆಗೆ ಹೋದರೆ, ಬಾಗಿದ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಲೇ ಊಟಕ್ಕೆ ಬಡಿಸುತ್ತಿದ್ದಳು. ಆ ಪೊಟ್ಟಣದ ಮೇಲೆ ಇಂಡಿಯಾ ಅಂತ ಮಾತ್ರ ಇತ್ತು, ರಾಣೆಬೆನ್ನೂರು ಅಂತ ಇರಲಿಲ್ಲ. ಅದು ಎಲ್ಲಿಯದೋ ಯಾರಿಗೆ ಗೊತ್ತು. ಆದರೂ ಆ ಸಂಜೆ ಅಂಗಡಿಯಲ್ಲಿ ತಿಂಡಿ ಪೊಟ್ಟಣಗಳ ಹಿಂಬದಿಯನ್ನೆಲ್ಲಾ ತಿರುಗಿಸುತ್ತಾ ನಿಂತೆ. ಬಣ್ಣ ಅನ್ನುವ ಜಾಗದಲ್ಲಿ ಹಲವು ಕಡೆ 'ಪಪುರಿಕಾ' ಅಂತಿತ್ತು. ಮೆಣಸಿನಕಾಯಿಯ ಕೆಂಪು. ಅದರಲ್ಲಿ ಊರ ಹೆಸರು ಹೋಗಲಿ, ದೇಶದ ಹೆಸರೂ ಇರಲಿಲ್ಲ. ತೊಟ್ಟು ಬಿಡಿಸಿದವರ ಬೆರಳು ಯಾವ ಪೊಟ್ಟಣದ ಮೇಲೂ ಬರುವುದಿಲ್ಲವಲ್ಲ ಅನ್ನಿಸಿ ಏನೂ ಕೊಳ್ಳದೆ ಹೊರಗೆ ಬಂದೆ. ಹಿಮ ಬೀಳುತ್ತಿತ್ತು.

ಸೆಮಿಸ್ಟರ್ ಕೊನೆಯ ಭಾಷಣದಲ್ಲಿ ನನ್ನ ಪ್ರೋಗ್ರಾಮು ಯಾಕೆ ಪೂರ್ತಿ ಕೆಲಸ ಮಾಡುವುದಿಲ್ಲ ಅಂತ ಹದಿನೈದು ನಿಮಿಷ ವಿವರಿಸಿದೆ. ಒದ್ದೆ ಕಾಯಿಯನ್ನು ಬೇರ್ಪಡಿಸಲು ಮಿಂಚಿನ ಲೆಕ್ಕ ಸೇರಿಸಿದ್ದೆ, ಅದು ಅರ್ಧಂಬರ್ಧ ನಡೆಯುತ್ತಿತ್ತು. ಕೃತಜ್ಞತೆಯ ಸ್ಲೈಡಿನಲ್ಲಿ ಸೆನ್ಸೇ ಹೇಳಿದಂತೆ ಅಪ್ಪನ ಹೆಸರನ್ನು ಕತಕನದಲ್ಲಿ ಬರೆದೆ. ಜಪಾನಿಯರ ಬಾಯಲ್ಲಿ 'ಲ' ಬರುವುದಿಲ್ಲ, 'ರ' ಆಗುತ್ತದೆ. ಅಪ್ಪನ ಹೆಸರೂ ಸ್ವಲ್ಪ ಬದಲಾಯಿತು. ಸೆನ್ಸೇ ಅದನ್ನು ನಿಧಾನವಾಗಿ ಗಟ್ಟಿಯಾಗಿ ಓದಿದರು. ನಾನು ಕಿಟಕಿಯ ಕಡೆ ನೋಡಿದೆ. ಹೊರಡುವಾಗ ಆ ಬಣ್ಣದ ರಟ್ಟನ್ನು, ಹಳೆಯದಾಗಿದೆ ಅಂತ ಹೇಳಿ, ಅಪ್ಪನಿಗೆ ಕೊಡು ಅಂತ ಕೈಗಿತ್ತರು.

ಫೆಬ್ರುವರಿ ಕೊನೆಗೆ ಊರಿಗೆ ಬಂದೆ. ಸೀಸನ್ನು ಜೋರಾಗಿತ್ತು. ರಟ್ಟು ತೋರಿಸಿ, ಕಾಯಿ ಪಕ್ಕ ಇಟ್ಟು, ಇದು ಸರಿಯಾದರೆ ರೈತರಿಗೆ ಒಳ್ಳೇ ರೇಟು ಸಿಗುತ್ತದೆ ಅಂತ ಅಪ್ಪನಿಗೆ ವಿವರಿಸಿದೆ. ಅಪ್ಪ ರಟ್ಟನ್ನು ಆಕಡೆ ಈಕಡೆ ತಿರುಗಿಸಿ ನೋಡಿ ಹೇಳಿದ. "ಬಣ್ಣ ಅಳದ್ರ ಅಳೀಲಿ. ಆದ್ರ ರೇಟು ಬಣ್ಣ ನೋಡೇ ಬರೀತಾರ ಅಂತ ತಿಳಕೊಂಡೀಯೇನು? ಆಂಧ್ರದ ಕಡೀಂದ ಎಷ್ಟು ಲಾರಿ ಬಂದಾವು, ಕೋಲ್ಡ್ ಸ್ಟೋರೇಜಿನ್ಯಾಗ ಎಷ್ಟು ಮಾಲು ಕುಂತೈತಿ, ಹೊರದೇಶದವರು ಎಷ್ಟು ಕೇಳ್ಯಾರ, ಅದನ್ನ ನೋಡಿ ಬರೀತಾರ. ಹೋದ ಗುರುವಾರದ ಕಾಯೀನೂ ಅದ, ಈ ಸೋಮವಾರದ ಕಾಯೀನೂ ಅದ. ರೇಟು ಒಂದ ಇರತೈತೇನು?" ನನ್ನ ಹತ್ತಿರ ಉತ್ತರ ಇರಲಿಲ್ಲ. ರಟ್ಟು ಅಂಗಡಿಯ ಡೆಸ್ಕಿನೊಳಗೆ ಹೋಯಿತು.

ಅವತ್ತು ರಾತ್ರಿ ಅವ್ವ ಹೇಳಿದಳು. ಅಪ್ಪ ವರ್ಷಾ ವರ್ಷಾ ಒಂದಿಷ್ಟು ಉಳಿಸಿ ಕೊಂಡು ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟಿದ್ದ ಇಪ್ಪತ್ತು ಚೀಲ ಕಾಯಿ, ನನ್ನ ಟಿಕೆಟ್ಟಿಗೆ ಅಂತ ಅವತ್ತಿನ ರೇಟಿಗೇ ಮಾರಿದ್ದ. ಮನೆಗೆ ಇನ್ನೊಂದು ಕೋಣೆ ಕಟ್ಟಿಸಬೇಕು ಅಂತ ಇಟ್ಟ ಮಾಲು. ಮುಂದಿನ ವರ್ಷ ದರ ಏರತೊಡಗಿ 2020ರ ಜನವರಿಯಲ್ಲಿ ಕ್ವಿಂಟಲ್ಲಿಗೆ 30 ಸಾವಿರ ದಾಟಿತು. ಅಪ್ಪ ಮಾರಿದ ದರದ ಎರಡರಷ್ಟಕ್ಕಿಂತ ಹೆಚ್ಚು. ನಾನು ಲೆಕ್ಕ ಹಾಕಿ ಒದ್ದಾಡಿದರೆ ಅಪ್ಪ "ಆ ಮಾಲು ಅಲ್ಲೀತನಕ ಎಲ್ಲಿ ಇರತಿತ್ತು? ಬಣ್ಣ ಹೋಗಿ ಬಿಳಚಿಕೊಂಡು ಯಾರೂ ಮುಟ್ಟತಿರಲಿಲ್ಲ" ಅಂದ. ಅರ್ಧ ನಿಜ. ಇನ್ನರ್ಧ ನನಗಾಗಿ ಹೇಳಿದ್ದು.

ಕೆಲಸ ಸಿಕ್ಕಿತು, ಸಂಬಳ ಬಂತು, ಆದರೆ ಆ ಇಪ್ಪತ್ತು ಚೀಲ ತಲೆಯಿಂದ ಹೋಗಲಿಲ್ಲ. 2023ರಲ್ಲಿ ದರ ಮುಗಿಲಿಗೆ ಏರಿದ್ದಾಗ, ಅಪ್ಪ ಬ್ಯಾಡ ಬ್ಯಾಡ ಅಂದರೂ ಕೇಳದೆ, ಅವನ ಹೆಸರಿನಲ್ಲಿ ಇಪ್ಪತ್ತು ಚೀಲ ಕೊಂಡು ಕೋಲ್ಡ್ ಸ್ಟೋರೇಜಿಗೆ ಹಾಕಿಸಿದೆ. ಸಾಲ ತೀರಿತು ಅಂತ ನಿರಾಳವಾಯಿತು.

2024ರ ಮಾರ್ಚ್ 11, ಸೋಮವಾರ. ಟಿವಿಯಲ್ಲಿ ನೀವೂ ನೋಡಿರುತ್ತೀರಿ. ಮಾಲು ಭಾರೀ ಬಂದಿತ್ತು, ದರ ಒಮ್ಮೆಲೇ ಕುಸಿಯಿತು. ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ನಾನು ಬೆಂಗಳೂರಿನ ಆಫೀಸಿನಲ್ಲಿ ಫೋನಿನಲ್ಲಿ ಹೊಗೆ ನೋಡುತ್ತಾ ಅವ್ವನಿಗೆ ಫೋನ್ ಮಾಡಿದೆ. ನಾನು ಕೇಳಿದ ಮೊದಲ ಮಾತು ಇಲ್ಲಿ ಬರೆಯಲೇಬೇಕು, ಇಲ್ಲದಿದ್ದರೆ ಇಷ್ಟು ಬರೆದದ್ದು ಸುಳ್ಳಾಗುತ್ತದೆ. "ರೇಟು ಎಷ್ಟಕ್ಕ ಇಳದೈತಿ? ನಮ್ಮ ಚೀಲ ಏನಾಗತಾವು?" ಅಂದೆ.

ಆಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವ್ವ ಹೇಳಿದಳು. "ನಿಮ್ಮಪ್ಪ ಅಂಗಡ್ಯಾಗ ಸಿಕ್ಕೊಂಡಾನ. ನೀ ಚೀಲ ಕೇಳಾಕತ್ತಿ."

ಅಪ್ಪ ಶಟರ್ ಎಳೆದುಕೊಂಡು ಒಳಗೆ ಕೂತಿದ್ದನಂತೆ. ರಾತ್ರಿ ಕ್ಷೇಮವಾಗಿ ಮನೆಗೆ ಬಂದ. ಆ ವಾರ ಊರಿಗೆ ಹೋದೆ. ಯಾರ ಮೇಲೂ ಅವನಿಗೆ ಸಿಟ್ಟಿರಲಿಲ್ಲ. ಮುಂಜಾನೆ ತಾನೇ ಚೀಟಿ ಹಚ್ಚಿದ ಲಾಟಿನ ಒಬ್ಬ ರೈತನ ಬಗ್ಗೆ ಮಾತ್ರ ಎರಡು ಸಲ ಹೇಳಿದ. "ಆ ಕಾಯಿ ಕೆಟ್ಟಿದ್ದಿಲ್ಲೋ ತಮ್ಮಾ. ಬಣ್ಣ ಭಾಳ ಚಲೋ ಇತ್ತು. ಅಷ್ಟು ಚಲೋ ಕಾಯಿಗೆ ಅಂಥಾ ರೇಟು ನಾ ಹೆಂಗ ಬರದು ಕೊಡಬೇಕಿತ್ತು?"

ಐದು ವರ್ಷದ ಹಿಂದೆ ರಟ್ಟು ತಿರುಗಿಸುತ್ತಾ ಅವನು ಹೇಳಿದ್ದು ಇದನ್ನೇ. ನಾನು ಅಳೆದದ್ದು ಕಾಯಿಯನ್ನು. ದಿನಾ ಆ ರೈತನ ಮುಖ ನೋಡಿ ಪಟ್ಟಿ ಬರೆಯಬೇಕಾದವನು ಅಪ್ಪ.

ನನ್ನ ಇಪ್ಪತ್ತು ಚೀಲ ಕೊಂಡ ಬೆಲೆಯ ಅರ್ಧಕ್ಕೂ ಹೋಗಲಿಲ್ಲ. ಮಾರಿದ ದಿನ ಅಪ್ಪ ನಕ್ಕ. "ನಾ ನಿನ್ನ ಸಲುವಾಗಿ ಕಳಕೊಂಡೆ, ನೀ ನನ್ನ ಸಲುವಾಗಿ ಕಳಕೊಂಡಿ. ಲೆಕ್ಕ ಚುಕ್ತಾ ಆತು ಬಿಡು." ನನಗೆ ಹೋದದ್ದು ಎರಡು ತಿಂಗಳ ಸಂಬಳ, ಅದೇ ಬಯಲಿನಲ್ಲಿ ನಿಂತಿದ್ದವರಿಗೆ ಹೋದದ್ದು ವರ್ಷದ ದುಡಿಮೆ. ಇದು ಇಬ್ಬರಿಗೂ ಗೊತ್ತಿತ್ತು, ಆಡಲಿಲ್ಲ.

ಮೊನ್ನೆ ಹೋದಾಗ ಡೆಸ್ಕಿನಲ್ಲಿ ಆ ರಟ್ಟು ಇನ್ನೂ ಇತ್ತು. ಅಪ್ಪ ಅದನ್ನು ಪಟ್ಟಿ ಪುಸ್ತಕದ ಕೆಳಗೆ ಒತ್ತು ಕೊಡಲು ಇಟ್ಟುಕೊಂಡಿದ್ದಾನೆ. ಇಪ್ಪತ್ನಾಲ್ಕು ಚೌಕದಲ್ಲಿ ಕೆಂಪು ಚೌಕ ಸ್ವಲ್ಪ ಮಾಸಿದೆ.

ಇವತ್ತು ಊಟದ ಹೊತ್ತಿಗೆ ಆ ಹುಡುಗನನ್ನು ಹುಡುಕಿಕೊಂಡು ಹೋಗಿ ಹೇಳಿದೆ. ತಂಗಿಯನ್ನು ಕಳಿಸು. ಮೊದಲ ಎರಡು ತಿಂಗಳ ಖರ್ಚು ಕೈಯಲ್ಲಿರಲಿ, ವಿದ್ಯಾರ್ಥಿವೇತನ ತಡವಾಗಿ ಬರುತ್ತದೆ. ಕತಕನ ಇಲ್ಲೇ ಕಲಿತು ಹೋಗಲಿ, ಹದಿನೈದು ದಿನದ ಕೆಲಸ. ಅಡುಗೆಮನೆಯಲ್ಲಿ ಮೆಣಸಿನಕಾಯಿ ಹುರಿಯುವ ಮುಂಚೆ ಫ್ಯಾನ್ ಹಾಕಲಿ. ಮತ್ತೆ, ಹೊರಡುವ ಮೊದಲು ಆ ದುಡ್ಡು ಎಲ್ಲಿಂದ ಬಂತು ಅಂತ ಮನೆಯಲ್ಲಿ ಒಂದು ಮಾತು ಕೇಳಲಿ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಅಪ್ಪ ಎಮ್ಮೆ ಮಾರ್ತಿದಾರೆ" ಅಂದ.

ನೀವೂ ಯಾರಾದರೂ ಹೀಗೆ ಹೊರಗೆ ಹೋಗಿ ಓದಿ ಬಂದಿದ್ದರೆ, ನಿಮ್ಮ ಮನೆಯಲ್ಲಿ ಏನು ಮಾರಿದ್ದರು ಅಂತ ಬರೆಯಿರಿ. ಓದಬೇಕು ಅನ್ನಿಸಿದೆ.